ಮೇಲಿನ ಖೋಲಿಯಲ್ಲಿದ್ದ ಫೋನು

ಆ ಮಧ್ಯಾಹ್ನ ಮನೆಯಲ್ಲಿದ್ದವಳು ರೇಣುಕಾ ಅಲ್ಲ, ನಾನು. ಎರಡು ಗಂಟೆ ಹತ್ತು ನಿಮಿಷದಿಂದ ಮೂರು ನಲವತ್ತರವರೆಗೆ ಮೇಲಿನ ಖೋಲಿಯ ಮಂಚದ ಮೇಲೆ ಮಲಗಿ ಫೋನು ನೋಡುತ್ತಿದ್ದೆ. ಕೆಳಗಿನಿಂದ ಅತ್ತೆ ‘ಯಾರದು?’ ಎಂದು ಕರೆದರು — ಮೂರು ಸಲ. ಕೇಳಿಸಿತು. ಹೋಗಲಿಲ್ಲ.

ಇಷ್ಟು ಹೇಳುವುದಕ್ಕೆ ನನಗೆ ಆರು ವರ್ಷ ಹಿಡಿಯಿತು. ಬರೆದ ಮೇಲೆ ಎದೆ ಹಗುರಾದೀತು ಅಂದುಕೊಂಡಿದ್ದೆ, ಏನೂ ಆಗಲಿಲ್ಲ. ಹಲ್ಲು ಕೀಳಲು ಸೂಜಿ ಚುಚ್ಚಿದ ಮೇಲೆ ದವಡೆ ಇರುತ್ತದಲ್ಲ, ಹಾಗಿದೆ ಒಳಗೆಲ್ಲ. ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ. ನೀವು ಓದಿ ಛೀ ಅನ್ನಿ, ಥೂ ಅನ್ನಿ. ನಾನೂ ಅಂದುಕೊಂಡು ನೋಡಿದ್ದೇನೆ, ತಾಗಲಿಲ್ಲ.

ನಾನು ಸುಮಂಗಲಾ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಯವರ ಮನೆಯ ಹಿರಿಯ ಸೊಸೆ. ತವರು ರಾಣೆಬೆನ್ನೂರು. ರೇಣುಕಾ ನನ್ನ ನೆಗೆಣ್ಣಿ — ಮೈದುನ ಮಹಾಂತೇಶನ ಹೆಂಡತಿ, ದೇವರಗುಡ್ಡದ ಒಕ್ಕಲುತನದ ಮನೆಯ ಹುಡುಗಿ, ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ನನ್ನ ಬಾಯಿ ಜೋರು. ಅವಳಿಗೆ ಬಾಯಿಯೇ ಇಲ್ಲ. ಒಂದು ಮನೆಗೆ ಇಬ್ಬರು ಬಾಯಿಬಡುಕಿಯರು ಬೇಡವೆಂದೇ ಶಿವ ಹೀಗೆ ಜೋಡಿಸಿದ ಎಂದು ನಾವು ನಗುತ್ತಿದ್ದೆವು. ಹೌದು, ಆಗ ನಗುತ್ತಿದ್ದೆವು.

ನಮ್ಮ ಅತ್ತೆಗೆ ಒಂದು ನೇಮವಿತ್ತು. ಒಬ್ಬ ಸೊಸೆಗೆ ತಂದದ್ದು ಇನ್ನೊಬ್ಬಳಿಗೂ ಬರಬೇಕು; ಅಂಥದ್ದೇ ಅಲ್ಲ, ಅದೇ ಬರಬೇಕು. ಅದೇ ಬಣ್ಣದ ಸೀರೆ, ಅದೇ ದಡಿ, ಅದೇ ಅಂಗಡಿ. "ಸೀರಿ ಬ್ಯಾರೆ ಆದ್ರ ಮನಸೂ ಬ್ಯಾರೆ ಆಗ್ತಾವ" ಅನ್ನುತ್ತಿದ್ದರು. ಹಗ್ಗದ ಮೇಲೆ ಒಣಗಿದ ಸೀರೆಗಳಲ್ಲಿ ಯಾವುದು ಯಾರದೆಂದು ನಮಗೇ ಗೊತ್ತಾಗುತ್ತಿರಲಿಲ್ಲ. ಹೀಗಾಗಿ ಮನೆಗೆ ಹೊಸ ಫೋನು ಬಂದಾಗಲೂ ಎರಡು ಬಂದವು. ಒಂದೇ ಕಂಪನಿ, ಒಂದೇ ನೀಲಿ ಬಣ್ಣ, ಒಂದೇ ಹೂವಿನ ಕವರು.

ಅದೇ ದಿನ ಮೆಶ್ ವೈಫೈ ಕೂಡ ಬಂತು. ನಮ್ಮದು ಹಳೆಯ ಮನೆ, ಕಲ್ಲು ಮಣ್ಣಿನ ಗೋಡೆ, ಒಂದೂವರೆ ಮೊಳ ದಪ್ಪ. ಮೊದಲಿದ್ದ ಒಂಟಿ ರೌಟರು ಪಡಸಾಲೆಯಲ್ಲಿ ಮಿಣಮಿಣ ಅನ್ನುತ್ತಿತ್ತು, ಅಡುಗೆಮನೆಗೆ ಹೋದರೆ ನೆಟ್ ಸತ್ತೇ ಹೋಗುತ್ತಿತ್ತು. ಮೆಶ್ ಅಂದರೆ ಮೂರು ಬಿಳಿ ಪೆಟ್ಟಿಗೆ — ಒಂದು ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ಹಾಯಿಸುತ್ತ ಇಡೀ ಮನೆಗೆ ಒಂದೇ ನೆಟ್ ಕೊಡುತ್ತವೆ. ಹಾವೇರಿಯಿಂದ ಬಂದ ಫಿಟ್ಟಿಂಗಿನವನು ಪೆಟ್ಟಿಗೆ ಕೂಡಿಸಿ, ವಾಯರು ಎಳೆದು, "ಆ್ಯಪ್‌ನಾಗ ಉಳಿದದ್ದೆಲ್ಲಾ ನೀವ ಮಾಡ್ಕೋರಿ ಅಕ್ಕಾರ, ಸಸಾರ ಐತಿ" ಎಂದು ಹೊರಟುಹೋದ.

ಮನೆಯಲ್ಲಿ ಪಿಯುಸಿ ಸೈನ್ಸ್ ಓದಿದವಳು ನಾನೊಬ್ಬಳೇ. ನನ್ನ ಹಳೆಯ ಫೋನಿಗೆ ಆ್ಯಪ್ ಹಾಕಿಕೊಂಡು ಜಂಬದಿಂದಲೇ ಕುಳಿತೆ. ನೆಟ್‌ವರ್ಕಿಗೆ ಹೆಸರು ಕೊಟ್ಟೆ, ಪಾಸ್‌ವರ್ಡ್ ಹಾಕಿದೆ. ಪೆಟ್ಟಿಗೆಗಳಿಗೆ ‘ಪಡಸಾಲಿ’, ‘ಅಡಗಿಮನಿ’, ‘ಮ್ಯಾಲಿನ ಖೋಲಿ’ ಎಂದು ಹೆಸರಿಟ್ಟೆ. ಆಮೇಲೆ ಮನೆಯ ಫೋನುಗಳು. ಯಾವ ಫೋನು ಯಾವ ಪೆಟ್ಟಿಗೆಗೆ ಎಷ್ಟು ಹೊತ್ತಿಗೆ ಸೇರಿತು, ಎಷ್ಟು ಹೊತ್ತಿಗೆ ಬಿಟ್ಟಿತು ಎಂದು ಆ್ಯಪ್ ಪಟ್ಟಿ ಇಡುತ್ತದೆ; ಬೇಡವಾದ ಫೋನಿನ ನೆಟ್ ನಿಲ್ಲಿಸಲೂಬಹುದು. ಆದರೆ ನಮ್ಮ ಎರಡು ಹೊಸ ಫೋನು ಪಟ್ಟಿಯಲ್ಲಿ ಕಂಪನಿಯ ಒಂದೇ ಹೆಸರಿನಿಂದ ಬಂದವು, ಅವಳಿ ಜವಳಿ ಹಾಗೆ. ಅದಕ್ಕೆ ಒಂದನ್ನು ಮೊದಲು ಸೇರಿಸಿ ‘ಸುಮಂಗಲಾ’ ಎಂದು ಬರೆದೆ. ಎರಡನೆಯದನ್ನು ಸೇರಿಸಿ ‘ರೇಣುಕಾ’ ಎಂದು ಬರೆದೆ. ಆ್ಯಪನ್ನು ನನ್ನ ಗಂಡನ ಫೋನಿಗೂ ಮಹಾಂತೇಶನ ಫೋನಿಗೂ ಹಾಕಿಕೊಟ್ಟೆ, ಗಂಡಸರ ಕೈಯಲ್ಲೂ ಇರಲಿ ಎಂದು.

ಅವತ್ತು ಅಮಾವಾಸ್ಯೆ. ಅಮಾವಾಸ್ಯೆಯ ದಿನ ಬಂದ ಹೊಸ ವಸ್ತುವಿಗೆ ಪೂಜೆಯಾಗದೆ ಕೈ ಹಚ್ಚುವಂತಿಲ್ಲ. ನಾನು ಹಚ್ಚಿಬಿಟ್ಟಿದ್ದೆ. ಬೈಸಿಕೊಳ್ಳುವುದು ಯಾಕೆಂದು ಎರಡೂ ಫೋನನ್ನು ಸುಮ್ಮನೆ ದೇವರ ಮುಂದಿನ ಹರಿವಾಣದಲ್ಲಿಟ್ಟೆ — ಎಡಕ್ಕೆ ನನ್ನದು, ಬಲಕ್ಕೆ ಅವಳದು. ಅತ್ತೆ ಮೂರು ಪೆಟ್ಟಿಗೆಗೂ ಎರಡು ಫೋನಿಗೂ ಕುಂಕುಮ ಹಚ್ಚಿದರು, ಊದಿನಕಡ್ಡಿ ಬೆಳಗಿದರು, ಹರಿವಾಣ ಎತ್ತಿಕೊಂಡು ನಮ್ಮ ಕಡೆ ತಿರುಗಿದರು. "ಹಿರೇಸೊಸಿ ಮೊದಲ ತಗೋಬೇಕು" ಎಂದು ಕೈಗೆ ಸಿಕ್ಕದ್ದನ್ನು ನನಗೆ ಕೊಟ್ಟರು. ಇನ್ನೊಂದು ಅವಳಿಗೆ. ಎಡ ಬಲ ಅದಲುಬದಲಾಯಿತೇನೋ ಎಂದು ಒಂದು ಗಳಿಗೆ ಅನಿಸಿತು. ಯಾವುದಾದರೇನು, ಎರಡೂ ಒಂದೇ ಅಲ್ಲವೇ ಎಂದು ಸುಮ್ಮನಾದೆ.

ಅದಲುಬದಲಾಗಿತ್ತು. ಗೊತ್ತಾದದ್ದು ಹೇಗೆಂದು ಹೇಳುವುದಕ್ಕೂ ನಾಚಿಕೆ. ಒಂದು ತಿಂಗಳಾಗಿರಬೇಕು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ, ಇವಳು ಬಾಗಿಲಿಗೆ ಒರಗಿ ಫೋನು ನೋಡಿ ಕಿಸಿಕಿಸಿ ನಗುತ್ತಿದ್ದಳು. ನನಗೆ ಮೈ ಉರಿಯಿತು. ಹಿಟ್ಟಿನ ಕೈ ಒರೆಸಿಕೊಂಡು ಆ್ಯಪ್ ತೆರೆದು ‘ರೇಣುಕಾ’ ಹೆಸರಿನ ಮುಂದೆ ‘ನಿಲ್ಲಿಸು’ ಒತ್ತಿದೆ. ಅವಳು ನಗುತ್ತಲೇ ಇದ್ದಳು. ನಿಂತದ್ದು ನನ್ನ ಫೋನು! ಅಯ್ಯ ಶಿವನೇ, ಆಗ ನನಗೂ ನಗು ಬಂತು.

ಹೆಸರು ತಿದ್ದಲು ಅರ್ಧ ನಿಮಿಷ ಸಾಕಿತ್ತು. ತಿದ್ದಲಿಲ್ಲ. ಮರೆತೆ ಎಂದು ಬರೆಯಬಹುದು, ಬರೆದರೆ ಅದೂ ಸುಳ್ಳು. ತಿದ್ದಲಿಲ್ಲ ಯಾಕೆಂದರೆ ಅದು ನನಗೆ ಅನುಕೂಲವಾಗಿತ್ತು. ಅವಳ ಮೇಲೆ ಸಿಟ್ಟು ಬಂದಾಗ ‘ಸುಮಂಗಲಾ’ ಒತ್ತುತ್ತಿದ್ದೆ, ಅವಳ ನೆಟ್ ನಿಲ್ಲುತ್ತಿತ್ತು. ಮಹಾಂತೇಶ ಆ್ಯಪ್ ನೋಡಿದರೂ ವೈನಿಯ, ಅಂದರೆ ನನ್ನ, ಫೋನೇ ನಿಂತಿದೆ ಎಂದು ಕಾಣುತ್ತಿತ್ತು, ನನ್ನ ಮೇಲೆ ಯಾರಿಗೂ ಗುಮಾನಿ ಇಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಅವಳು ಬಂದು, "ಅಕ್ಕಾರ, ನೆಟ್ ಬರಾಕತ್ತಿಲ್ಲ, ಒಂಚೂರ ನೋಡ್ರಿ" ಅನ್ನುತ್ತಿದ್ದಳು. "ನಮ್ಮ ಮನಿ ಗೋಡಿ ದಪ್ಪ ಅದಾವವ್ವಾ, ಏನ ಮಾಡೂದು" ಅನ್ನುತ್ತಿದ್ದೆ ನಾನು. ಪಾಪ, ಗೋಡೆಯನ್ನು ಮುಟ್ಟಿ ನೋಡುತ್ತಿದ್ದಳು.

ಹೀಗೆ ಆರು ತಿಂಗಳು.

ಆ ದಿನ ಮಾರ್ಕೆಟ್ ದಿನ, ಗಂಡಸರು ಬೆಳಿಗ್ಗೆಯೇ ಮೆಣಸಿನಕಾಯಿ ಯಾರ್ಡಿಗೆ ಹೋಗಿದ್ದರು. ನಾನು ಒಂಬತ್ತಕ್ಕೆ ರಾಣೆಬೆನ್ನೂರಿನ ಬಸ್ಸು ಹತ್ತಿದೆ, ಅಕ್ಕನನ್ನು ನೋಡಿ ಸಂಜೆ ಬರುತ್ತೇನೆ ಎಂದು ಹೇಳಿ. ಅಕ್ಕನ ಮನೆಗೆ ಬೀಗ. ನೆರೆಯವರು, "ಅವರು ಮದವಿಗೆ ಹೋಗ್ಯಾರ" ಎಂದರು. ಕಾದೆ, ಬಾಜಾರು ಸುತ್ತಿದೆ, ಮತ್ತೆ ಬಸ್ಸು ಹತ್ತಿದೆ. ಬ್ಯಾಡಗಿಯಲ್ಲಿ ಇಳಿದು ನಡೆಯುವಾಗ ಒಂದು ಯೋಚನೆ ಬಂತು: ಸಂಜೆಯವರೆಗೆ ಯಾರೂ ನನ್ನ ದಾರಿ ಕಾಯುವುದಿಲ್ಲ. ಆ ಮನೆ ಸೇರಿ ಹದಿನೆಂಟು ವರ್ಷವಾಗಿತ್ತು. ಒಂದು ಮಧ್ಯಾಹ್ನವೂ ನನ್ನದೆಂದು ಇರಲಿಲ್ಲ. ಬರೀ ಒಂದು ತಾಸು, ಯಾರೂ ‘ಸುಮಂಗಲಾ’ ಎಂದು ಕರೆಯದ ಒಂದು ತಾಸು —

ಹಿತ್ತಲ ಬಾಗಿಲಿನಿಂದ ಬಂದೆ. ಅಲ್ಲಿಂದಲೇ ಮೇಲಿನ ಖೋಲಿಗೆ ಮೆಟ್ಟಿಲು. ಬಾಗಿಲು ಕಿರ್ ಅಂದಾಗ ಪಡಸಾಲೆಯಿಂದ ಅತ್ತೆ "ಯಾರದು?" ಅಂದರು. ಬೆಕ್ಕು ಬಂದರೂ ಯಾರದು, ಗಾಳಿಗೆ ಕದ ಬಡಿದರೂ ಯಾರದು — ಅವರ ರೂಢಿಯೇ ಅದು. ನಾನು ಉಸಿರು ಬಿಗಿಹಿಡಿದು ಮೇಲೆ ಹೋದೆ. ಫೋನು ತಾನೇ ನೆಟ್ಟಿಗೆ ಸೇರಿತು. ಒಂದು ಕಿವಿಗೆ ಇಯರ್‌ಫೋನು ಹಾಕಿಕೊಂಡು ಧಾರಾವಾಹಿ ಹಚ್ಚಿದೆ. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ಕರೆದರು. ರೇಣುಕಾ ಕೆಳಗೆ ಇರುತ್ತಾಳೆ, ಓಗೊಡುತ್ತಾಳೆ ಅಂದುಕೊಂಡೆ. ಎರಡು ಐವತ್ತಕ್ಕೆ ಮೂರನೆಯ ಸಲ. ಫೋನಿನ ಮೇಲೆ ಗಂಟೆ ಕಾಣುತ್ತಿತ್ತು, ಅದಕ್ಕೇ ಇಷ್ಟು ಖಚಿತವಾಗಿ ಬರೆಯುತ್ತಿದ್ದೇನೆ. ಆ ಸಲದ ದನಿ ಬೇರೆ ಇತ್ತು, ನಾಲಿಗೆ ದಪ್ಪಾದ ಹಾಗೆ. ಅದರ ಬೆನ್ನಿಗೇ ಹಿತ್ತಾಳೆಯ ತಂಬಿಗೆ ಬಿದ್ದು ಉರುಳಿದ ಸಪ್ಪಳ.

ಬೆಕ್ಕು ಅಂದುಕೊಂಡೆ. ಅಂದುಕೊಳ್ಳಬೇಕೆಂದು ಅಂದುಕೊಂಡೆ.

ಮೂರು ನಲವತ್ತಕ್ಕೆ ಫೋನಿನ ವೈಫೈ ಆರಿಸಿ ಎದ್ದು, ಬಂದ ದಾರಿಯಲ್ಲೇ ಹಿತ್ತಲಿಗೆ ಇಳಿದು, ಓಣಿ ಸುತ್ತಿ, ಚೀಲ ಹೆಗಲಿಗೆ ಹಾಕಿಕೊಂಡು ಮುಂದಿನ ಬಾಗಿಲಿನಿಂದ ಒಳಗೆ ಬಂದೆ — ಈಗ ರಾಣೆಬೆನ್ನೂರಿನಿಂದ ಬಂದವಳ ಹಾಗೆ. ರೇಣುಕಾ ಮನೆಯಲ್ಲಿರಲಿಲ್ಲ. ಅತ್ತೆ ಪಡಸಾಲೆಯಲ್ಲಿ ಮಂಚದ ಕೆಳಗೆ ಬಿದ್ದಿದ್ದರು. ಸೀರೆ ನೀರಿನಲ್ಲಿ ತೊಯ್ದಿತ್ತು. ಬಾಯಿ ಒಂದು ಕಡೆ ಸೊಟ್ಟಗೆ ಸರಿದಿತ್ತು. ಕಣ್ಣು ಮಾತ್ರ ತೆರೆದೇ ಇದ್ದವು, ನನ್ನ ಮೇಲೆಯೇ ಇದ್ದವು.

ಯಾರ್ಡಿಗೆ ಫೋನು ಮಾಡಿದೆ. ಅಣ್ಣ ತಮ್ಮ ಇಬ್ಬರೂ ಓಡಿ ಬಂದರು. ಅತ್ತೆಯನ್ನು ಕಾರಿಗೆ ಎತ್ತಿ ಹಾಕುವ ಹೊತ್ತಿಗೆ ರೇಣುಕಾ ಖಾರದ ಡಬ್ಬಿ ಸೊಂಟದ ಮೇಲೆ ಇಟ್ಟುಕೊಂಡು ಓಣಿಯ ತಿರುವಿನಲ್ಲಿ ಕಂಡಳು. ಡಬ್ಬಿ ಅಲ್ಲೇ ಕಟ್ಟೆಯ ಮೇಲೆ ಇಟ್ಟು ಕಾರು ಹತ್ತಿದಳು. ಹಾವೇರಿಯ ಆಸ್ಪತ್ರೆ ಮುಟ್ಟುವವರೆಗೂ ಅತ್ತೆಯ ಕಾಲು ತಿಕ್ಕುತ್ತಲೇ ಇದ್ದಳು. ಅವಳ ಕೂದಲಲ್ಲೆಲ್ಲ ಖಾರದ ಪುಡಿ. ಡ್ರೈವರ್ ಸೀನುತ್ತಿದ್ದ.

ಸ್ಕ್ಯಾನ್ ಆದ ಮೇಲೆ ಡಾಕ್ಟರ್ ಹೊರಗೆ ಬಂದು ಕೇಳಿದ್ದು ಒಂದೇ ಪ್ರಶ್ನೆ. "ಇವರು ಕೊನೆಗೆ ಮಾತಾಡಿದ್ದು ಎಷ್ಟು ಹೊತ್ತಿಗೆ? ಯಾರು ಕೇಳೀರಿ? ಲಕ್ವಾ ಹೊಡದು ನಾಲ್ಕೂವರೆ ತಾಸಿನೊಳಗ ಇದ್ರ ಒಂದು ಇಂಜೆಕ್ಷನ್ ಕೊಡಬಹುದು. ಹೊತ್ತು ಖಾತ್ರಿ ಇಲ್ಲಂದ್ರ ಕೊಡಾಕ ಬರೂದಿಲ್ಲ, ಜೀವಕ್ಕ ಅಪಾಯ."

ರೇಣುಕಾ ಹೇಳಿದಳು. "ಹನ್ನೆರಡೂವರಿಗೆ ನಾ ಗಿರಣಿಗೆ ಹೋಗುಮುಂದ ಮಾತಾಡಿದ್ರು ಸಾಹೇಬ್ರ. ಖಾರ ಸಣ್ಣಗ ಬೀಸಿಸ್ಕೊಂಡು ಬಾ ಅಂದ್ರು."

ಗೋಡೆಯ ಗಡಿಯಾರದಲ್ಲಿ ಐದು ಹತ್ತು. ಹನ್ನೆರಡೂವರೆಯಿಂದ ಎಣಿಸಿದರೆ ನಾಲ್ಕೂವರೆ ತಾಸು ಮೀರಿತ್ತು. ಎರಡು ಐವತ್ತರಿಂದ ಎಣಿಸಿದರೆ ಇನ್ನೂ ಎರಡು ತಾಸು ಇತ್ತು. ಆ ಎರಡು ಐವತ್ತು ಇಡೀ ಜಗತ್ತಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ನಾನು ಗೋಡೆಗೆ ಒರಗಿ ನಿಂತಿದ್ದೆ. ಬಾಯಿ ತೆರೆದಿದ್ದರೆ — ಸಾಹೇಬ್ರ, ಎರಡು ಐವತ್ತಕ್ಕ ಕರದರು, ನಾನ ಕೇಳೀನಿ. ಇಷ್ಟೇ. ಏಳೆಂಟು ಶಬ್ದ. ಸಂತೆಯಲ್ಲಿ ತರಕಾರಿಯವಳ ಜೊತೆ ಅರ್ಧ ತಾಸು ವಾದ ಮಾಡುವ ಬಾಯಿ ಇದು.

ಆಗ ಮಹಾಂತೇಶ ಫೋನು ತೆಗೆದ. ಮನೆಯಲ್ಲಿ ಯಾರಾದರೂ ಇದ್ದರೇನೋ ನೋಡೋಣ ಎಂದು ಆ್ಯಪ್ ತೆರೆದ. ಅವನ ಮುಖ ಬದಲಾದದ್ದನ್ನು ನಾನು ನೋಡಿದೆ.

"ಇಲ್ಲೈತಲಾ! ರೇಣುಕಾ, ಮ್ಯಾಲಿನ ಖೋಲಿ, ಎರಡು ಹತ್ತರಿಂದ ಮೂರೂ ನಲವತ್ತು." ಹೆಂಡತಿಯ ಕಡೆ ತಿರುಗಿದ. "ಮನ್ಯಾಗ ಇದ್ದಿ ನೀನು. ಅವ್ವ ಕರದ್ಲೇನು? ಎಷ್ಟೊತ್ತಿಗೆ ಕರದ್ಲು? ಲಗೂ ಹೇಳು, ಡಾಕ್ಟರ್ ನಿಂತಾರ."

"ನಾ ಗಿರಣ್ಯಾಗ ಇದ್ನಿರಿ."

"ಬೈಯೂದಿಲ್ಲ, ಹೊಡ್ಯೂದಿಲ್ಲ. ಖರೇ ಹೇಳು ಸಾಕು."

"ಶಿವನಾಣಿಗೂ ಗಿರಣ್ಯಾಗ ಇದ್ನಿ. ಇದು ಹೆಂಗ ತೋರಸಾಕತ್ತೈತೋ ನಂಗ ಗೊತ್ತಿಲ್ರಿ."

ಅವನು ನನ್ನನ್ನು ನೋಡಿದ. "ವೈನಿ, ಇದನ್ನ ಹಾಕಿದವ್ರು ನೀವು. ತಪ್ಪ ತೋರಸ್ತೈತೇನು ಇದು?"

ಅದೇ ಪಟ್ಟಿಯಲ್ಲಿ ಒಂದು ಸಾಲು ಕೆಳಗೆ ನನ್ನ ಹೆಸರಿತ್ತು. ‘ಸುಮಂಗಲಾ — ಪಡಸಾಲಿ — ಹನ್ನೆರಡೂವರೆಯವರೆಗೆ’ ಎಂದಿತ್ತು. ನಾನು ಒಂಬತ್ತಕ್ಕೇ ಊರು ಬಿಟ್ಟವಳು. ಯಾರಾದರೂ ಒಂದು ಬೆರಳು ಕೆಳಗೆ ಸರಿಸಿ ನೋಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿದ್ದೆ, ಅತ್ತೆಗೆ ಇಂಜೆಕ್ಷನ್ನೂ ಸಿಗುತ್ತಿತ್ತು. ಯಾರೂ ಸರಿಸಲಿಲ್ಲ. ನನ್ನ ಬಾಯಿಂದ ಮಾತು ಬಂತು, ನಾನೇ ಬೇರೆ ಯಾರದೋ ಮಾತು ಕೇಳಿಸಿಕೊಂಡ ಹಾಗೆ.

"ಅದಕ್ಕೇನು ಯಾರ ಮ್ಯಾಲರ ಸಿಟ್ಟೈತೇನಪಾ? ಇದ್ದದ್ದ ತೋರಸ್ತೈತಿ."

ಡಾಕ್ಟರ್ ಒಂದು ನಿಮಿಷ ಕಾದರು. ರೇಣುಕಾ ಅಳುತ್ತ ಗಿರಣಿ, ಗಿರಣಿ ಅಂದಳು. ಅವರು ತಲೆ ಅಲ್ಲಾಡಿಸಿ ಒಳಗೆ ಹೋದರು, ಬೇರೆ ಉಪಚಾರ ಶುರು ಮಾಡಿದರು. ಮಹಾಂತೇಶ ಆ ಸಾಲಿನ ಫೋಟೋ ಹಿಡಿದಿಟ್ಟುಕೊಂಡ — ರೇಣುಕಾಳ ಸಾಲು ಮಾತ್ರ. ನಾನು ಆಸ್ಪತ್ರೆಯ ಬಚ್ಚಲಿಗೆ ಹೋಗಿ ಕದ ಹಾಕಿಕೊಂಡೆ. ಮೊದಲು ಆ ದಿನದ ಪಟ್ಟಿ ಅಳಿಸಿದೆ. ಆಮೇಲೆ ಎರಡು ಹೆಸರನ್ನೂ ತಿದ್ದಿದೆ, ಸುಮಂಗಲಾ ಸುಮಂಗಲಾಳಿಗೆ, ರೇಣುಕಾ ರೇಣುಕಾಳಿಗೆ. ಅರ್ಧ ನಿಮಿಷವೂ ಹಿಡಿಯಲಿಲ್ಲ. ಪರ್ಸಿನಲ್ಲಿ ರಾಣೆಬೆನ್ನೂರಿನಿಂದ ವಾಪಸು ಬಂದ ಬಸ್ಸಿನ ಟಿಕೇಟು ಇತ್ತು. ಅದನ್ನು ಉಂಡೆ ಮಾಡಿ ಸಂಡಾಸಿನ ಗುಂಡಿಗೆ ಹಾಕಿ ನೀರು ಬಿಟ್ಟೆ.  

ಮರುದಿನ ನನ್ನ ಗಂಡ ಗಿರಣಿಗೆ ಹೋಗಿ ಕೇಳಿ ಬಂದರು. ನಮ್ಮೂರ ಗಿರಣಿಯ ರೂಢಿ ನಿಮಗೆ ಗೊತ್ತಿರಲಿಕ್ಕಿಲ್ಲ. ಖಾರ ಬೀಸುವ ಕಾಲದಲ್ಲಿ ಪಾಳಿ ಹಚ್ಚುವುದು ಮನುಷ್ಯರಲ್ಲ, ಡಬ್ಬಿಗಳು. ಡಬ್ಬಿ ಸಾಲಿನಲ್ಲಿಟ್ಟು ಮನೆಗೆ ಹೋಗಿ ಅಡುಗೆ ಮಾಡಿ ಬಂದರೂ ಪಾಳಿ ತಪ್ಪುವುದಿಲ್ಲ. ಅವತ್ತು ಮೂರು ಫೇಸಿನ ಕರೆಂಟು ಹೋಗಿ ಗಿರಣಿ ಸುಮಾರು ಹೊತ್ತು ನಿಂತಿತ್ತು. ರೇಣುಕಾ ಘಾಟು ತಾಳದೆ ಗಿರಣಿಯ ಹಿಂದೆ ಬೇವಿನ ಗಿಡದ ಕೆಳಗೆ ಕುಳಿತಿದ್ದಳಂತೆ, ಯಾವುದೋ ಹಳ್ಳಿಯ ಮುದುಕಿಯ ಜೊತೆ ಮಾತಾಡುತ್ತ. ಆ ಮುದುಕಿ ಯಾರೆಂದು ಯಾರಿಗೂ ಗೊತ್ತಿಲ್ಲ. ಗಿರಣಿಯವನು ಇದ್ದದ್ದು ಇದ್ದ ಹಾಗೆ ಹೇಳಿದ: "ಡಬ್ಬಿ ಇತ್ರಿ. ಅವರನ್ನ ನಾ ನೋಡಿಲ್ರಿ." ಅಷ್ಟು ಸಾಕಾಯಿತು. ಡಬ್ಬಿ ಇಟ್ಟು ಮನೆಗೆ ಬಂದು, ಮೇಲೆ ಮಲಗಿ ಫೋನು ನೋಡಿದಳು; ಅತ್ತೆ ಕರೆದರೂ ಏಳಲಿಲ್ಲ; ಮೇಲೆ ಸುಳ್ಳು ಬೇರೆ ಹೇಳಿ ಇಂಜೆಕ್ಷನ್ ತಪ್ಪಿಸಿದಳು. ನಾನು ಮಾಡಿದ್ದೆಲ್ಲ ಅಷ್ಟೂ ಅವಳ ಪಾಲಿಗೆ ಬಂತು, ಒಂದು ಕೂದಲೂ ಬಿಡದೆ.

ಮಹಾಂತೇಶ ಅವಳನ್ನು ದೇವರಗುಡ್ಡಕ್ಕೆ ಬಿಟ್ಟು ಬಂದ. ಎರಡೂ ಕಡೆಯ ಹಿರಿಯರು ಕೂಡಿದರು. ‘ತಪ್ಪಾತು’ ಅಂತ ಒಂದು ಮಾತು ಅಂದುಬಿಡು, ಮನೆಗೆ ಕರೆದುಕೊಂಡು ಹೋಗುತ್ತಾರೆ ಎಂದರು. ಅವಳು ಅನ್ನಲಿಲ್ಲ. ಬಾಯಿ ಇಲ್ಲದವಳು ಮೂರು ತಿಂಗಳು ಅನ್ನಲಿಲ್ಲ. ನಾಲ್ಕನೆಯ ತಿಂಗಳು ಅವಳ ಮಗಳ ಶಾಲೆ ಶುರುವಾಯಿತು. ಮಗಳು ಇಲ್ಲಿ, ತಾಯಿ ಅಲ್ಲಿ. ಆಗ ಬಂದು ಪಡಸಾಲೆಯಲ್ಲಿ ನಿಂತು ನೆಲ ನೋಡುತ್ತ, "ತಪ್ಪಾತ್ರಿ" ಅಂದಳು. ಅವಳಿಗೆ ಕುಡಿಯಲು ನೀರು ತಂದುಕೊಟ್ಟವಳು ನಾನು. ಆ ವಿಷಯದಲ್ಲಿ ಅವಳ ಬಾಯಿಂದ ಬಂದ ಸುಳ್ಳು ಅದೊಂದೇ.

ಆಮೇಲೆ ಮನೆಯಲ್ಲಿ ಒಂದು ಮಾತು ಹುಟ್ಟಿಕೊಂಡಿತು. ರೇಣುಕಾ ಹಾಲು ಕಾಸೇನಿ ಅಂದರೆ, ಕದ ಹಾಕೇನಿ ಅಂದರೆ, ಯಾರಾದರೂ ಅನ್ನುತ್ತಿದ್ದರು: "ಮಷಿನ್ನಿಗೆ ಕೇಳೂಣೇನು?" ಮೊದಲು ಮಹಾಂತೇಶ ಸಿಟ್ಟಿನಿಂದ ಅಂದದ್ದು, ಆಮೇಲೆ ಎಲ್ಲರಿಗೂ ಚೇಷ್ಟೆ. ಅವಳ ಮಗಳೂ ಒಮ್ಮೆ ಅಂದಳು, ಅರ್ಥ ಗೊತ್ತಿಲ್ಲದೆ. ರೇಣುಕಾ ಎದ್ದು ಹೋಗಿ ಕದ ತೋರಿಸಿ ಬಂದಳು — ಹಾಕಿದ್ದೇನೆ ನೋಡು ಎಂದು. ನಾನು ಆ ಮಾತನ್ನು ಎಂದೂ ಅಂದಿಲ್ಲ. ಅದನ್ನು ನನ್ನ ಪುಣ್ಯದ ಲೆಕ್ಕಕ್ಕೆ ಹಿಡಿಯಬೇಡಿ, ನನಗೆ ಆ ಮಾತು ಬಾಯಿಗೆ ಬರುತ್ತಿರಲಿಲ್ಲ ಅಷ್ಟೇ.

ಅತ್ತೆ ನಾಲ್ಕು ವರ್ಷ ಬದುಕಿದರು. ಬಲಗೈ ಬಲಗಾಲು ಹೋದವು, ಮಾತು ಹೋಯಿತು. ‘ಆ... ಆ...’ ಎಂಬ ದನಿ ಒಂದೇ ಉಳಿಯಿತು. ಕಣ್ಣು, ಕಿವಿ, ಬುದ್ಧಿ ಎಲ್ಲ ಸರಿ ಇದ್ದವು. ರೇಣುಕಾ ಹತ್ತಿರ ಹೋದರೆ ಎಡಗೈಯಿಂದ ಅವಳ ಕೈ ಹಿಡಿದುಕೊಂಡು ಬಿಡುತ್ತಿರಲಿಲ್ಲ. ಬಂದವರ ಕಡೆ ಅವಳ ಕೈ ಎತ್ತಿ ತೋರಿಸಿ ಆ ಆ ಅನ್ನುತ್ತಿದ್ದರು, ತಲೆ ಅಡ್ಡಡ್ಡ ಅಲ್ಲಾಡಿಸುತ್ತಿದ್ದರು. ಬಂದವರು ಕಣ್ಣೊರೆಸಿಕೊಂಡು, "ಎಂಥಾ ದೊಡ್ಡ ಮನಸಿನಾಕಿ ನೋಡವ್ವಾ, ಇಷ್ಟ ಮಾಡಿದಾಕಿನ್ನೂ ಕ್ಷಮಾ ಮಾಡ್ಯಾಳ" ಅನ್ನುತ್ತಿದ್ದರು. ಆಗ ಅತ್ತೆ ಇನ್ನೂ ಜೋರಾಗಿ ಕೂಗುತ್ತಿದ್ದರು. ಕೂಗಿ ಕೂಗಿ ಸಾಕಾಗಿ ಗೋಡೆ ಕಡೆ ಮುಖ ಮಾಡುತ್ತಿದ್ದರು.

ನಾನು ಗಂಜಿ ತಂದರೆ ಬಾಯಿ ಬಿಗಿಯುತ್ತಿದ್ದರು. "ಹಿರೇಸೊಸಿ ಮ್ಯಾಲ ಸಲಿಗಿ ಜಾಸ್ತಿ, ಹಟಾ ಮಾಡ್ತಾಳ" ಎಂದು ನನ್ನ ಗಂಡ ನಗುತ್ತಿದ್ದರು. ನಾನು ಚಮಚ ಹಿಡಿದು ಕಾಯುತ್ತಿದ್ದೆ. ಹಸಿವು ದೊಡ್ಡದು, ಕೊನೆಗೆ ಬಾಯಿ ತೆರೆಯುತ್ತಿದ್ದರು, ಕಣ್ಣು ಮುಚ್ಚಿಕೊಂಡು. ದಿನಕ್ಕೆ ಎರಡು ಹೊತ್ತು, ನಾಲ್ಕು ವರ್ಷ. ರೇಣುಕಾಳನ್ನು ಅತ್ತೆಯ ಹತ್ತಿರ ಒಬ್ಬಳನ್ನೇ ಬಿಡುತ್ತಿರಲಿಲ್ಲವಲ್ಲ, ಸೇವೆಯೆಲ್ಲ ನನ್ನದೇ. ಊರಲ್ಲಿ ನನ್ನನ್ನು ಹೊಗಳಿದ್ದೂ ಉಂಟು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಹೋದರು. ಎಲ್ಲರೂ ಅತ್ತರು. ನನಗೆ ಅಳು ಬರಲಿಲ್ಲ, ಅದಕ್ಕೆ, "ಪಾಪ, ಕಲ್ಲಾಗಿ ಬಿಟ್ಟಾಳ" ಅಂದರು. ಅವರು ಅಂದದ್ದು ಖರೇನೇ.

ಇದನ್ನೆಲ್ಲ ಹೂತುಕೊಂಡೇ ಸಾಯುತ್ತಿದ್ದೆನೇನೋ. ಹೋದ ವಾರ ಹಳೆಯ ಪೆಟ್ಟಿಗೆ ಕೆಟ್ಟು ಹೊಸ ಮೆಶ್ ಬಂತು. ಮತ್ತೆ ಫಿಟ್ಟಿಂಗಿನವನು, ಬೇರೆಯವನು. ಇವನು ಆ್ಯಪ್ ತಾನೇ ಹಾಕಿ ಒಂದೊಂದೇ ಫೋನು ಇಸಿದುಕೊಂಡು ಹೆಸರು ಬರೆಯುತ್ತ ಹೋದ. ರೇಣುಕಾಳ ಪಾಳಿ ಬಂದಾಗ ಅವಳು ಫೋನನ್ನು ಸೆರಗಿನೊಳಗೆ ಹಿಡಿದುಕೊಂಡು, "ನಂದು ಬ್ಯಾಡ್ರಿ, ನಂಗ ನೆಟ್ ಬ್ಯಾಡ" ಅಂದಳು. ನಗುತ್ತಲೇ ಅಂದಳು. ಮಹಾಂತೇಶನೂ ನಕ್ಕ.

ಸಂಜೆ ಇಬ್ಬರೂ ಪಡಸಾಲೆಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕುಳಿತಿದ್ದೆವು, ವರ್ಷದ ಖಾರಕ್ಕೆ. ಅವಳು ತಲೆ ಎತ್ತದೆ ಹೇಳಿದಳು.

"ಅಕ್ಕಾರ, ಒಂದ ಮಾತ ಹೇಳಲೇನ್ರಿ? ಯಾರ ಮುಂದೂ ಹೇಳಬ್ಯಾಡ್ರಿ ಮತ್ತ."

"ಹೇಳು."

"ಅವತ್ತ ನಾನು ಡಬ್ಬಿ ಇಟ್ಟು ಮನಿಗೆ ಬಂದಿದ್ನೇನೋ ಅನಸ್ತೈತ್ರಿ."

ನನ್ನ ಕೈ ನಿಂತಿತು. ಅವಳದು ನಿಲ್ಲಲಿಲ್ಲ.

"ಇಷ್ಟ ಮಂದಿ ಹೇಳ್ತಾರ, ಮಷಿನ್ನೂ ಹೇಳ್ತು. ಅದಕ್ಕ ಯಾರ ಮ್ಯಾಲೂ ಸಿಟ್ಟಿಲ್ಲ ಅಂತ ನೀವ ಅಂದಿದ್ರಿ. ನಾನೊಬ್ಬಾಕಿ ಇಲ್ಲ ಅಂದ್ರ ಹೆಂಗ್ರಿ? ಇತ್ತಿತ್ತಲಾಗ ನೆನಪ ಆಗಾಕತ್ತೈತಿ. ಮ್ಯಾಲ ಮಲಕೊಂಡಂಗ, ಕೆಳಗ ಅತ್ತಿ ‘ರೇಣುಕಾ, ರೇಣುಕಾ’ ಅಂತ ಕರದಂಗ. ತಂಬಿಗಿ ಬಿದ್ದಂಗ. ನಾನ ಅದೇನಿ ಅಕ್ಕಾರ. ನಾನ ಏಳಲಿಲ್ಲ. ಪಾಪಿ ನಾನು."

ಬೇವಿನ ಗಿಡ, ಮುದುಕಿ, ಘಾಟು ಎಲ್ಲ ಅವಳ ತಲೆಯಿಂದ ಹೋಗಿಬಿಟ್ಟಿದೆ. ನನ್ನ ಮಧ್ಯಾಹ್ನವನ್ನು ಅವಳು ತನ್ನದು ಮಾಡಿಕೊಂಡಿದ್ದಾಳೆ. ಅವಳ ಹೆಸರು ತೆಗೆದುಕೊಂಡೆ, ಮೂರು ತಿಂಗಳು ತೆಗೆದುಕೊಂಡೆ, ಗಂಡನ ವಿಶ್ವಾಸ, ಮಗಳ ಮುಂದಿನ ಮಾನ ತೆಗೆದುಕೊಂಡೆ. ಒಂದು ಉಳಿದಿತ್ತು — ತಾನು ಮಾಡಿಲ್ಲ ಎಂದು ಅವಳಿಗಾದರೂ ಗೊತ್ತಿತ್ತು. ಅದೂ ಹೋಯಿತು. ನಾನು ಏನು ಮಾಡಿದೆ?  ಘಾಟು ಏರಿದವಳ ಹಾಗೆ ಕೆಮ್ಮಿ ಎದ್ದು ಹೋದೆ. ಅವಳು ನನಗೆ ನೀರು ತಂದುಕೊಟ್ಟಳು.

ಅದಾಗಿ ಇವತ್ತಿಗೆ ಆರು ದಿನ. ಮೇಲಿನ ಖೋಲಿಯಲ್ಲಿ ಅದೇ ಮಂಚದ ಮೇಲೆ ಕುಳಿತು ಇದನ್ನು ಬರೆದೆ. ನಾಳೆ ಅಮಾವಾಸ್ಯೆ, ಹೊಸ ಪೆಟ್ಟಿಗೆಗೆ ಪೂಜೆ, ಎಲ್ಲರೂ ಕೂಡಿರುತ್ತಾರೆ, ಆಗ ಹೇಳುತ್ತೇನೆ ಎಂದು ಬರೆದಿದ್ದೆ. ಹೊಡೆದು ಹಾಕಿದ್ದೇನೆ. ನಾಳೆ ಎಂಬುದು ನನ್ನ ಬಾಯಲ್ಲಿ ಆರು ವರ್ಷ ಹಳೆಯ ಮಾತು. ಗಂಡನಿಗೆ, ಮಹಾಂತೇಶನಿಗೆ, ಹಿರಿಯರಿಗೆ ಆಮೇಲೆ ಹೇಳುತ್ತೇನೆ. ಅವರು ಏನು ಮಾಡಿದರೂ ಮಾಡಲಿ. ಮೊದಲು ಹೇಳಬೇಕಾದ್ದು ಅವಳಿಗೆ. ಇವತ್ತೇ.

ಅದಕ್ಕೆ ಮುಂಚೆ ಈ ಬರಹದ ಒಂದು ಸಾಲು ತಿದ್ದಬೇಕು. ಅತ್ತೆ ಮೂರು ಸಲ ‘ಯಾರದು?’ ಎಂದು ಕರೆದರು ಎಂದು ಮೊದಲಿಗೇ ಬರೆದೆನಲ್ಲ, ಅದು ಸುಳ್ಳು. ಎರಡು ಸಲ ಹಾಗೆ ಕರೆದರು. ಮೂರನೆಯ ಸಲ ಹಾಗಲ್ಲ. ಹದಿನೆಂಟು ವರ್ಷ ನನ್ನ ಹೆಜ್ಜೆ ಕೇಳಿದವರು ಅವರು, ಮೆಟ್ಟಿಲ ಮೇಲೆ ಬೆಕ್ಕು ಯಾವುದು ಸೊಸೆ ಯಾವುದು, ಯಾವ ಸೊಸೆ ಎಂದು ಅವರಿಗೆ ಗೊತ್ತಾಗದೆ ಇರುತ್ತದೆಯೇ? ದಪ್ಪಾದ ನಾಲಿಗೆಯಿಂದ, ಅರ್ಧ ಅರ್ಧ ಮಾಡಿ, ‘ಸುಮಂಗಲಾ’ ಎಂದು ಕರೆದರು. ಅವರ ಕೊನೆಯ ಮಾತು ಅದು.

ಕೆಳಗೆ ರೇಣುಕಾ ಕರೆಯುತ್ತಿದ್ದಾಳೆ. "ಅಕ್ಕಾರ, ಮ್ಯಾಲ ಅದೀರೇನ್ರಿ?"

"ಅದೇನವ್ವಾ," ಅಂದೆ. "ಬಂದೆ, ಅಲ್ಲೇ ಇರು."